ಬೇಟ್‌ಕಾಸ್ಟಿಂಗ್ ರೀಲ್‌ಗೆ ಉದ್ದ ಹ್ಯಾಂಡಲ್: ತಪ್ಪು ನಿಜವಾಗ್ಲೂ ಹ್ಯಾಂಡಲ್‌ದಾ?

ಅಂತರಗಂಗೆ ಹಬ್ಬಿದ ಕೆರೆ. ಕೈಯಲ್ಲಿ ಬೇಟ್‌ಕಾಸ್ಟಿಂಗ್ ರೀಲ್, ಅಂದರೆ ಗಾಳದ ರಾಡ್ ಮೇಲೆ ಕೂತು, ಪಕ್ಕದ ಹ್ಯಾಂಡಲ್ ತಿರುಗಿಸಿದರೆ ಸ್ಪೂಲ್ ಅನ್ನುವ ಸುರುಳಿಗೆ ದಾರ ಸುತ್ತಿಕೊಳ್ಳುವಂಥದ್ದು. ಗಾಳಕ್ಕೆ ಕಟ್ಟಿದ ರಬ್ಬರ್ ಕಪ್ಪೆ ಎಲೆಯಿಂದ ಎಲೆಗೆ ಕುಪ್ಪಳಿಸುತ್ತಾ ಬರುತ್ತಿತ್ತು. ದಬ್ ಅಂತ ಕೊರವ ಮೀನು ಹೊಡೆಯಿತು. ರಾಡ್ ಎತ್ತುವಷ್ಟರಲ್ಲಿ ಮೀನು ಬೇರಿನ ಗೋಜಲಿಗೆ ತಲೆ ತೂರಿಸಿತ್ತು. ನಾನು ರೀಲ್ ಸುತ್ತುತ್ತಲೇ ಇದ್ದೆ, ದಾರ ಮಾತ್ರ ಬರಲಿಲ್ಲ. ಕೊನೆಗೆ ದಡಕ್ಕೆ ಬಂದದ್ದು ಒಂದು ತೆಕ್ಕೆ ಅಂತರಗಂಗೆ.

ಹ್ಯಾಂಡಲ್ ಚಿಕ್ಕದು, ಅದಕ್ಕೇ ಹೀಗಾಯ್ತು ಅಂದುಕೊಂಡೆ. ಅವತ್ತು ರಾತ್ರಿಯೇ 120 ಮಿ.ಮೀ.ನದೊಂದು ಆರ್ಡರ್ ಮಾಡಿದೆ. ಬಂತು, ಹಾಕಿದೆ. ಮತ್ತೆ ಅದೇ ಕೆರೆ, ಅದೇ ಕತೆ. ಆಮೇಲೆ ರೀಲ್ ಬಿಚ್ಚಿ ನೋಡಿದರೆ ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರ ಕಡಿಯದಂತೆ ಜಾರಿ ಬಿಡುವ ಬಿಗಿ) ವಾಷರ್‌ಗಳಿಗೆ ಎಣ್ಣೆ ಇಳಿದಿತ್ತು. ಎಣ್ಣೆ ಬಿಟ್ಟವನು ನಾನೇ, ಬೇರೆ ಯಾರನ್ನು ಬೈಯೋದು?

ಉದ್ದ ಹ್ಯಾಂಡಲ್ ಒಂದೇ ಒಂದು ಕಾಯಿಲೆಗೆ ಮದ್ದು: ಭಾರ ಬಿದ್ದಾಗ ಕೈಗೆ ಬಲ ಸಾಲದೇ ಇರೋದು. ಬೇರೆ ತೊಂದರೆಗಳಿಗೆ ಅದು ಮದ್ದಲ್ಲ, ಕೆಲವು ಸಲ ಕಾಯಿಲೆಯನ್ನು ಮುಚ್ಚಿಡುತ್ತದೆ. ಹಾಗಾಗಿ ಮೊದಲು ದುಡ್ಡಿಲ್ಲದ ಪರೀಕ್ಷೆಗಳು, ಆಮೇಲೆ ಕೊಳ್ಳೋದು, ಕೊನೆಗೆ ಹಾಕಿದ ಮೇಲೆ ಬರುವ ತಕರಾರುಗಳು.

ಶುರು ಮಾಡುವ ಮೊದಲು ಒಂದು ಮಾತು. ದಾರದ ತುದಿಯಿಂದ ಲೂರ್ (ರಬ್ಬರ್ ಕಪ್ಪೆಯಂಥ, ಗಾಳವಿರುವ ನಕಲಿ ಆಹಾರ) ಬಿಚ್ಚಿಡಿ. ಮನೆಯಲ್ಲಿ ಗಾಳ ಚುಚ್ಚಿಸಿಕೊಳ್ಳುವವರೆಲ್ಲ "ಒಂದೇ ನಿಮಿಷ ನೋಡ್ತೀನಿ" ಅಂತ ಕೂತವರೇ.

## ಹ್ಯಾಂಡಲ್ ತಿರುಗುತ್ತದೆ, ದಾರ ಬರುವುದಿಲ್ಲ

ಎಲ್ಲಕ್ಕಿಂತ ಜಾಸ್ತಿ ಕಾಣುವ ತೊಂದರೆ ಇದು. ಇದಕ್ಕೂ ಹ್ಯಾಂಡಲ್ ಉದ್ದಕ್ಕೂ ಸಂಬಂಧವೇ ಇಲ್ಲ.

ದಾರದ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ. ಸ್ಟಾರ್ ಡ್ರ್ಯಾಗನ್ನು, ಅಂದರೆ ಹ್ಯಾಂಡಲ್ ಬುಡದಲ್ಲಿ ನಕ್ಷತ್ರದ ಹಾಗಿರುವ, ಡ್ರ್ಯಾಗ್ ಹೊಂದಿಸುವ ಚಕ್ರವನ್ನು, ಪೂರ್ತಿ ಬಿಗಿ ಮಾಡಿ. ಸ್ಪೂಲ್‌ನ ಅಂಚಿನಿಂದ ದಾರದ ಮೇಲಕ್ಕೆ ಮಾರ್ಕರ್ ಪೆನ್ನಿನಲ್ಲಿ ಒಂದು ಅಡ್ಡಗೆರೆ ಎಳೆಯಿರಿ, ಅರ್ಧ ಲೋಹದ ಮೇಲೆ, ಅರ್ಧ ದಾರದ ಮೇಲೆ. ರಾಡನ್ನು ಕಿಟಕಿಯ ಕಡೆಗೆ ನೇರ ಇಟ್ಟು ನಿಧಾನವಾಗಿ ಸುತ್ತಿ. ಕಣ್ಣು ಸ್ಪೂಲ್ ಮೇಲಿರಲಿ.

ಹ್ಯಾಂಡಲ್ ತಿರುಗುತ್ತಿದೆ, ಸ್ಪೂಲ್ ನಿಂತಲ್ಲೇ ನಿಂತಿದೆ ಅಂದರೆ ಜಾರುತ್ತಿರುವುದು ಡ್ರ್ಯಾಗ್. ಹ್ಯಾಂಡಲ್‌ನ ಬಲ ನೇರವಾಗಿ ಗೇರ್‌ಗೆ ಹೋಗುವುದಿಲ್ಲ. ಶಾಫ್ಟ್‌ನಿಂದ ಡ್ರ್ಯಾಗ್ ವಾಷರ್‌ಗಳಿಗೆ, ಅಲ್ಲಿಂದ ದೊಡ್ಡ ಗೇರ್‌ಗೆ, ಅಲ್ಲಿಂದ ಸ್ಪೂಲ್‌ಗೆ ಹೋಗುತ್ತದೆ. ನಡುವಿನ ವಾಷರ್ ಜಾರಿದರೆ ಹ್ಯಾಂಡಲ್ ಮಾರುದ್ದ ಇದ್ದರೂ ಅಷ್ಟೇ. ಸ್ಟಾರ್ ನಿಜಕ್ಕೂ ಕೊನೆವರೆಗೆ ಬಿಗಿಯಾಗಿದೆಯಾ ನೋಡಿ. ಮೀನು ಹಿಡಿದು ಬಂದ ಮೇಲೆ ಸ್ಟಾರ್ ಸಡಿಲ ಮಾಡಿಡುವುದು ಒಳ್ಳೆಯ ಅಭ್ಯಾಸ, ಮತ್ತೆ ಬಿಗಿ ಮಾಡೋದು ಮರೆಯುವುದು ಎಲ್ಲರ ಅಭ್ಯಾಸ. ಬಿಗಿಯಿದ್ದೂ ಜಾರಿದರೆ ವಾಷರ್ ಸವೆದಿದೆ, ಇಲ್ಲವೇ ಅದಕ್ಕೆ ಎಣ್ಣೆ ತಾಗಿದೆ. ಕಾರ್ಬನ್ ವಾಷರ್‌ಗೆ ಡ್ರ್ಯಾಗ್ ಗ್ರೀಸ್ ಅಂತಲೇ ಬೇರೆ ಬರುತ್ತದೆ, ಅದನ್ನೂ ತೆಳ್ಳಗೆ ಸವರಬೇಕು. ಹೊಲಿಗೆ ಮಷೀನಿನ ಎಣ್ಣೆ ಆಗುವುದಿಲ್ಲ. ನಾನು ಬಿಟ್ಟದ್ದು ಅದನ್ನೇ.

ಸ್ಪೂಲ್ ತಿರುಗುತ್ತಿದೆ, ಆದರೆ ನಿಮ್ಮ ಅಡ್ಡಗೆರೆ ಎರಡು ತುಂಡಾಗಿ ದೂರ ಸರಿಯುತ್ತಿದೆ ಅಂದರೆ ದಾರವೇ ಸ್ಪೂಲ್ ಮೇಲೆ ಜಾರುತ್ತಿದೆ. ಬ್ರೇಡ್ (ಎಳೆಗಳನ್ನು ಹೆಣೆದ) ದಾರವನ್ನು ಬರೀ ಲೋಹಕ್ಕೆ ಕಟ್ಟಿದರೆ ಹೀಗಾಗುತ್ತದೆ. ಇಡೀ ಸುತ್ತು ಬಳೆ ಹಾಗೆ ತಿರುಗುತ್ತದೆ. ಪರಿಹಾರ ಅಗ್ಗ. ದಾರ ಬಿಚ್ಚಿ, ಮೊದಲು ಹತ್ತಿಪ್ಪತ್ತು ಸುತ್ತು ಮಾಮೂಲಿ ನೈಲಾನ್ ದಾರ ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕಿ. ಒಂದು ಸುತ್ತು ಟೇಪ್ ಅಂಟಿಸಿದರೂ ಸಾಕಾಗುತ್ತದೆ.

ಮೂರನೆಯದು ಕೆಟ್ಟದ್ದು. ಭಾರ ಬಿದ್ದ ಕೂಡಲೇ ಒಳಗಿಂದ ಟಕ್ ಟಕ್ ಅಂತ ಏನೋ ಜಿಗಿದ ಹಾಗೆ ಕೈಗೆ ಗೊತ್ತಾಗುತ್ತದೆ. ಗೇರ್ ಹಲ್ಲು ಸವೆದಿರಬಹುದು, ಅಥವಾ ಚಿಕ್ಕ ಗೇರ್ ಪೂರ್ತಿ ಕೂರದೇ ಇರಬಹುದು. ಅಲ್ಲಿಗೇ ನಿಲ್ಲಿಸಿ, ರೀಲ್ ರಿಪೇರಿ ಗೊತ್ತಿರುವವರಿಗೆ ಕೊಡಿ. ಇಂಥ ರೀಲ್‌ಗೆ ಉದ್ದ ಹ್ಯಾಂಡಲ್ ಹಾಕುವುದೆಂದರೆ ಅಲುಗಾಡುವ ಹಲ್ಲಲ್ಲಿ ಕಬ್ಬು ಸಿಗಿದ ಹಾಗೆ.

## ಭಾರ ಇಲ್ಲದಿದ್ದರೂ ಗರಗರ, ಬಿಗಿ

ದಾರದ ತುದಿ ಬಿಡಿಸಿ, ಸುಮ್ನೆ ಗಾಳಿಯಲ್ಲಿ ಸುತ್ತಿ ನೋಡಿ. ಆಗಲೂ ಮರಳು ಸೇರಿದ ಹಾಗೆ ಗರಗರ ಅಂದರೆ ಅದು ಕೊಳೆ, ಒಣಗಿದ ಗ್ರೀಸ್ ಅಥವಾ ಸವೆತ. ಮೊದಲು ನೋಡಬೇಕಾದ್ದು ದಾರವನ್ನು ಎಡಬಲಕ್ಕೆ ಓಡಿಸುವ ಆ ಚಿಕ್ಕ ಗೈಡ್ ಮತ್ತು ಅದರ ತಿರುಪು ಕಂಬಿ. ಕೆರೆಯ ಕೆಸರು, ಪಾಚಿ ಎಲ್ಲ ಸೇರುವ ಜಾಗ ಅದೇ. ಹಳೇ ಟೂತ್‌ಬ್ರಷ್‌ನಲ್ಲಿ ಒರೆಸಿ, ಒಂದು ಹನಿ ರೀಲ್ ಎಣ್ಣೆ ಬಿಡಿ. ಅಳಿವೆಯಲ್ಲಿ, ಕಡಲ ದಡದಲ್ಲಿ ಮೀನು ಹಿಡಿಯುವವರಾದರೆ ಒಳಗೆ ಉಪ್ಪೂ ಕೂತಿರುತ್ತದೆ.

ಗೈಡ್ ಒಂದು ತುದಿಗೆ ಬಂದಾಗ ಮಾತ್ರ ತಡೆದ ಹಾಗಾದರೆ, ಕಂಬಿಯ ಕೊರಕಲಿನಲ್ಲಿ ಓಡುವ ಚಿಕ್ಕ ಹಲ್ಲು ಸವೆದಿದೆ. ಬಿಡಿಭಾಗ ಸಿಗುತ್ತದೆ, ದುಬಾರಿಯಲ್ಲ. ಹ್ಯಾಂಡಲ್‌ನ ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಕಲ್ಲು ಸಿಕ್ಕಿದ ಹಾಗಾದರೆ ದೊಡ್ಡ ಗೇರ್‌ನ ಹಲ್ಲಿನಲ್ಲಿ ಏಟಿದೆ.

ಇಲ್ಲೇ ಉದ್ದ ಹ್ಯಾಂಡಲ್ ಮೋಸ ಮಾಡುವುದು. ಅದನ್ನು ಹಾಕಿದ ದಿನ ರೀಲ್ ಬೆಣ್ಣೆ ಹಾಗಿದೆ ಅನಿಸುತ್ತದೆ. ಗರಗರ ಹೋಗಿರುವುದಿಲ್ಲ, ನಿಮ್ಮ ಬಲ ಅದನ್ನು ಮೀರಿರುತ್ತದೆ ಅಷ್ಟೇ. ಎರಡು ತಿಂಗಳಾದ ಮೇಲೆ ಗೇರ್ ಕೈಗೆ ಬರುತ್ತದೆ.

## ಬಲ ಇದೆ, ಆದರೆ ಬೆರಳು ಜಾರುತ್ತದೆ

ಕೊರವದ ಲೋಳೆ ಮೆತ್ತಿದ ಕೈಯಲ್ಲಿ ಚಪ್ಪಟೆ ನಾಬ್ (ಹ್ಯಾಂಡಲ್ ತುದಿಯಲ್ಲಿ ಬೆರಳಿಗೆ ಸಿಗುವ ಹಿಡಿ) ಹಿಡಿದು ನೋಡಿದವರಿಗೆ ಇದು ಗೊತ್ತು. ಹ್ಯಾಂಡಲ್ ಬದಲಿಸಬೇಕಿಲ್ಲ, ನಾಬ್ ಬದಲಿಸಿದರೆ ಸಾಕು. ಅದಕ್ಕೂ ಮೊದಲು ಸೈಕಲ್ ಟ್ಯೂಬಿನ ಒಂದು ಬಳೆ ಕತ್ತರಿಸಿ ನಾಬ್‌ಗೆ ತೊಡಿಸಿ ಒಂದು ದಿನ ಮೀನು ಹಿಡಿಯಿರಿ. ತೊಂದರೆ ಹೋಯ್ತಾ? ಹಾಗಾದರೆ ದಪ್ಪ ನಾಬ್ ಕೊಳ್ಳಿ. ಶಿಮಾನೊ ಕಂಪನಿಯ ಎ ಮಾದರಿ, ಡೈವಾ ಕಂಪನಿಯ ಎಸ್ ಮಾದರಿ ಎರಡಕ್ಕೂ ಹೊಂದುತ್ತದೆ ಅಂತ ಬರೆದ ನಾಬ್‌ಗಳು ಬೇಕಾದಷ್ಟು ಸಿಗುತ್ತವೆ. ಎರಡಕ್ಕೂ ಒಳಗಿನ ಬೇರಿಂಗ್ 4×7×2.5 ಮಿ.ಮೀ. ಅಳತೆಯದು. ಅಗ್ಗದ ನಾಬ್‌ಗಳಲ್ಲಿ ಬೇರಿಂಗ್ ಬದಲು ಪ್ಲಾಸ್ಟಿಕ್ ಬುಷ್ ಇರುತ್ತದೆ, ಬೇಕಾದಾಗ ತೆಗೆದು ಬೇರಿಂಗ್ ಹಾಕಬಹುದು.

## ಭಾರ ಬಿದ್ದಾಗ ಹ್ಯಾಂಡಲ್ ಕಲ್ಲಾಗುತ್ತದೆ

ಡ್ರ್ಯಾಗ್ ಸರಿಯಿದೆ. ದಾರ ಜಾರುತ್ತಿಲ್ಲ. ಖಾಲಿ ಸುತ್ತಿದರೆ ನುಣ್ಣಗೆ ತಿರುಗುತ್ತದೆ. ಮೀನು ಬೇರಿಗೆ ಸುತ್ತಿಕೊಂಡಾಗ ಮಾತ್ರ ಕೈ ಸೋಲುತ್ತದೆ. ಈಗ ಹ್ಯಾಂಡಲ್ ಬಗ್ಗೆ ಮಾತಾಡಬಹುದು.

ಬೀಸುವ ಕಲ್ಲು ನೆನಪಿದೆಯಾ? ಗೂಟ ಅಂಚಿನಲ್ಲಿದ್ದರೆ ಕಲ್ಲು ಹಗುರ, ಆದರೆ ಕೈ ದೊಡ್ಡ ಸುತ್ತು ಹಾಕಬೇಕು. ಗೂಟ ನಡುವಿಗೆ ಹತ್ತಿರ ಇದ್ದರೆ ಸುತ್ತು ಚಿಕ್ಕದು, ರಟ್ಟೆ ನೋವು ಜಾಸ್ತಿ. ರೀಲ್‌ನ ಹ್ಯಾಂಡಲ್ ಕೂಡ ಅಷ್ಟೇ. ಎರಡು ನಾಬ್ ಇದ್ದರೂ ಒಂದು ಹೊತ್ತಿಗೆ ನೀವು ಹಿಡಿಯುವುದು ಒಂದನ್ನೇ. ಆದ್ದರಿಂದ 90 ಮಿ.ಮೀ. ಹ್ಯಾಂಡಲ್‌ನಲ್ಲಿ ನಿಮಗೆ ಕೆಲಸ ಮಾಡುವ ಉದ್ದ 45 ಮಿ.ಮೀ. ಮಾತ್ರ.

ಒಂದು ಲೆಕ್ಕ ಹಾಕೋಣ. ದಾರ ಸುತ್ತಿದ ಸ್ಪೂಲ್‌ನ ತ್ರಿಜ್ಯ 16 ಮಿ.ಮೀ., ಗೇರ್ ಅನುಪಾತ 8:1 (ಹ್ಯಾಂಡಲ್ ಒಂದು ಸುತ್ತಿಗೆ ಸ್ಪೂಲ್ ಎಂಟು ಸುತ್ತು), ದಾರದ ಮೇಲೆ 4 ಕಿಲೋ ಎಳೆತ. ನಾಬ್ ಮೇಲೆ ಬೇಕಾಗುವ ಬಲ 4 ಗುಣಿಸು 16 ಗುಣಿಸು 8, ಭಾಗಿಸು 45. ಬಂದದ್ದು ಸುಮಾರು 11.4 ಕಿಲೋ! ಒಳಗಿನ ಘರ್ಷಣೆ ಸೇರಿಸಿಲ್ಲ, ಸೇರಿಸಿದರೆ ಇನ್ನೂ ಜಾಸ್ತಿ. ಎರಡು ಬೆರಳು, ಒಂದು ಹೆಬ್ಬೆರಳಿನಲ್ಲಿ ಹನ್ನೊಂದು ಕಿಲೋ ತಳ್ಳಬೇಕು. ಕೈ ಸೋಲದೇ ಇನ್ನೇನಾಗುತ್ತದೆ? ಹ್ಯಾಂಡಲ್ 110 ಮಿ.ಮೀ. ಆದರೆ ಅದು 9.3ಕ್ಕೆ ಇಳಿಯುತ್ತದೆ. 120 ಆದರೆ 8.5, 130 ಆದರೆ 7.9.

ಈಗ ಇನ್ನೊಂದು ನೋಡಿ. ಹ್ಯಾಂಡಲ್ 90 ಆಗಿಯೇ ಇರಲಿ, ಗೇರ್ ಮಾತ್ರ 6.3:1 ಇರಲಿ. ಬರುವ ಉತ್ತರ 9 ಕಿಲೋ. ಅಂದರೆ ಎಂಟರ ರೀಲ್‌ಗೆ ಉದ್ದ ಹ್ಯಾಂಡಲ್ ಹಾಕಿ ಪಡೆಯುವ ಲಾಭ, ಆರರ ರೀಲ್‌ನಲ್ಲಿ ಹೆಚ್ಚುಕಡಿಮೆ ಪುಕ್ಕಟೆ ಇದೆ. ಮನೆಯಲ್ಲಿ ಹಳೇ ನಿಧಾನದ ರೀಲ್ ಒಂದಿದ್ದರೆ ಅದನ್ನೇ ಕಪ್ಪೆ ರಾಡ್‌ಗೆ ಕಟ್ಟಿ ನೋಡಿ. ದುಡ್ಡು ಉಳಿಯುತ್ತದೆ.

ಎಲ್ಲಕ್ಕಿಂತ ಅಗ್ಗದ ಪರಿಹಾರ ನಿಮ್ಮ ರಾಡ್. ರಾಡ್ ಎತ್ತಿ ಮೀನನ್ನು ಹತ್ತಿರ ಎಳೆಯಿರಿ, ರಾಡ್ ಇಳಿಸುವಾಗ ಸಡಿಲವಾದ ದಾರ ಸುತ್ತಿಕೊಳ್ಳಿ. ಮೀನು ಎಳೆಯುವುದು ರಾಡ್, ರೀಲ್ ದಾರ ಕೂಡಿಡುತ್ತದೆ ಅಷ್ಟೇ. ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಕದ ಮಹಶೀರ್ ಹಿಡಿದರು. ಕಾವೇರಿ ಕಡೆಯವರು ಬಿಳಿಮೀನು ಅನ್ನುತ್ತಾರಲ್ಲ, ಅದು. ಅಂಥ ಮೀನನ್ನು ಇಂಥ ಚಿಕ್ಕ ರೀಲ್‌ನ ಹ್ಯಾಂಡಲ್ ಒಂದನ್ನೇ ತಿರುಗಿಸಿ ದಡಕ್ಕೆ ತರೋಕೆ ಆಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕಳೆಯೊಳಗಿಂದ ಮೀನು ಕಿತ್ತು ತರೋಕೆ ಬಲ ಸಾಲದಿದ್ದರೆ, ಅಥವಾ ನಿಮಗೆ ಮಣಿಕಟ್ಟಿನ ನೋವಿದ್ದರೆ, ಉದ್ದ ಹ್ಯಾಂಡಲ್ ಕೊಳ್ಳಿ. ಕೊಡಬೇಕಾದ ಬೆಲೆಯೂ ಗೊತ್ತಿರಲಿ. 90ರಲ್ಲಿ ಪ್ರತಿ ಸುತ್ತಿಗೆ ಕೈ ಸುಮಾರು 28 ಸೆಂ.ಮೀ. ಓಡುತ್ತದೆ, 120ರಲ್ಲಿ ಸುಮಾರು 38. ಒಂದು ಸುತ್ತಿಗೆ ಬರುವ ದಾರ ಮಾತ್ರ ಅಷ್ಟೇ. ವೇಗವಾಗಿ ಸುತ್ತಬೇಕಾದ ಲೂರ್ ಬಳಸುವವರಿಗೆ ಇದು ತಲೆನೋವು. ನನ್ನ ಮಟ್ಟಿಗೆ ಕೈಯೊಳಗೆ ಹಿಡಿಯುವ ಚಿಕ್ಕ ರೀಲ್‌ಗೆ 100ರಿಂದ 110 ಸಾಕು. 120, 130 ದೊಡ್ಡ ಮೈಯ ರೀಲ್‌ಗೆ. ಚಿಕ್ಕ ರೀಲ್‌ಗೆ 130 ಹಾಕಿದರೆ ಇಲಿಗೆ ಎತ್ತಿನ ಕೊಂಬು ಕಟ್ಟಿದ ಹಾಗೆ ಕಾಣುತ್ತದೆ, ಹಾಗೇ ಕೆಲಸವೂ ಮಾಡುತ್ತದೆ.

## ಕೊಳ್ಳುವ ಮೊದಲು ಅಳೆಯಬೇಕಾದ್ದು

ಉದ್ದ ಅಂದರೆ ಒಂದು ನಾಬ್‌ನ ನಡುವಿನಿಂದ ಇನ್ನೊಂದು ನಾಬ್‌ನ ನಡುವಿಗೆ. ಕೆಲವು ಮಾರಾಟಗಾರರು ತುದಿಯಿಂದ ತುದಿಗೆ ಅಳೆದು ಬರೆಯುತ್ತಾರೆ. ಅವರ 120 ನಿಮ್ಮ 105 ಇರಬಹುದು. ಕೇಳಿ.

ತೂತಿನ ಅಳತೆ ಇನ್ನೂ ಮುಖ್ಯ. ಹ್ಯಾಂಡಲ್‌ನ ನಡುವಿನ ತೂತು ಪೂರ್ತಿ ದುಂಡಗಿರುವುದಿಲ್ಲ, ಎರಡು ಕಡೆ ಕೊಯ್ದ ಹಾಗೆ ಚಪ್ಪಟೆ ಇರುತ್ತದೆ. 8×5 ಅಂದರೆ ಉದ್ದದ ಕಡೆ 8 ಮಿ.ಮೀ., ಚಪ್ಪಟೆಯ ನಡುವೆ 5 ಮಿ.ಮೀ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು 8×5 ಮತ್ತು 7×4. ಶಿಮಾನೊ, ಡೈವಾ ರೀಲ್‌ಗೆ ಅಂತ ಮಾರುವವು ಹೆಚ್ಚಾಗಿ 8×5, ಆಬು ಗಾರ್ಸಿಯಾಗೆ ಅಂತ ಮಾರುವವು ಹೆಚ್ಚಾಗಿ 7×4. ಆದರೆ ಕಂಪನಿ ಹೆಸರು ನೋಡಿ ಕೊಳ್ಳಬೇಡಿ, ಹಳೇ ಹ್ಯಾಂಡಲ್ ಬಿಚ್ಚಿ ಶಾಫ್ಟನ್ನು ವರ್ನಿಯರ್‌ನಲ್ಲಿ ಅಳೆದು ಕೊಳ್ಳಿ. ವರ್ನಿಯರ್ ಇಲ್ಲದಿದ್ದರೆ ಪಕ್ಕದ ಲೇತ್ ಅಂಗಡಿಯವರು ಒಂದು ನಿಮಿಷದಲ್ಲಿ ನೋಡಿ ಹೇಳುತ್ತಾರೆ. ತೂತು ಚಿಕ್ಕದಿದ್ದರೆ ಅರದಿಂದ ಉಜ್ಜಿ ದೊಡ್ಡದು ಮಾಡೋಣ ಅನ್ನುವ ಯೋಚನೆ ಬೇಡವೇ ಬೇಡ. ಚಪ್ಪಟೆಯಲ್ಲಿ ಕೂದಲೆಳೆ ಸಡಿಲ ಆದರೂ ಭಾರ ಬಿದ್ದಾಗಲೆಲ್ಲ ಹ್ಯಾಂಡಲ್ ಶಾಫ್ಟನ್ನು ಕಡಿಯುತ್ತದೆ.

ಮೂರನೆಯದು ಬಾಗು. ನೇರ ಹ್ಯಾಂಡಲ್‌ನಲ್ಲಿ ನಾಬ್ ರೀಲ್‌ನಿಂದ ದೂರ ನಿಲ್ಲುತ್ತದೆ. ಒಳಕ್ಕೆ ಬಾಗಿದ್ದರಲ್ಲಿ ನಾಬ್ ರೀಲ್‌ನ ಮೈಗೆ ಹತ್ತಿರ, ಸುತ್ತುವಾಗ ರಾಡ್ ಅಲ್ಲಾಡುವುದು ಕಡಿಮೆ. ಬಾಗಿದ್ದು ಒಳ್ಳೆಯದೇ, ಆದರೆ ಸ್ಟಾರ್‌ಗೆ ತಾಗುವ ಭಯ ಅದಕ್ಕೇ ಜಾಸ್ತಿ. ಹಳೇ ಹ್ಯಾಂಡಲನ್ನು ಮೇಜಿನ ಮೇಲೆ ಮಲಗಿಸಿ, ನಡು ಭಾಗಕ್ಕೂ ನಾಬ್ ಕೂರುವ ಜಾಗಕ್ಕೂ ಎಷ್ಟು ಎತ್ತರದ ವ್ಯತ್ಯಾಸ ಇದೆ ಅಂತ ಬರೆದಿಟ್ಟುಕೊಂಡು ಮಾರುವವರನ್ನು ಕೇಳಿ.

ದುಡ್ಡು ಕೊಡುವ ಮೊದಲು ನಾನು ಮಾಡುವ ಒಂದು ಉಪಾಯ ಇದೆ. ಹಳೇ ಲಗ್ನಪತ್ರಿಕೆಯ ದಪ್ಪ ರಟ್ಟಿನಲ್ಲಿ ಹೊಸ ಅಳತೆಯ ಪಟ್ಟಿ ಕತ್ತರಿಸಿ, ಹಳೇ ಹ್ಯಾಂಡಲ್ ಮೇಲೆ ರಬ್ಬರ್‌ಬ್ಯಾಂಡ್‌ನಲ್ಲಿ ಕಟ್ಟುತ್ತೇನೆ. ನಾಬ್ ಬರುವ ಜಾಗಕ್ಕೆ ಬಾಟಲಿ ಮುಚ್ಚಳ ಅಂಟಿಸುತ್ತೇನೆ. ರಾಡ್ ಹಿಡಿದು, ಮೀನು ಹಿಡಿಯುವ ಹಾಗೇ ನಿಂತು ತಿರುಗಿಸಿದರೆ ಮುಚ್ಚಳ ಎಲ್ಲಿ ತಾಗುತ್ತದೆ ಅಂತ ಕಾಣುತ್ತದೆ. ರಾಡ್ ಹಿಡಿಯಾ, ಮುಂಗೈಯಾ, ಕಯಾಕ್‌ನಲ್ಲಿ ಕೂತವರಿಗೆ ತೊಡೆಯಾ?

## ನಟ್ ಬಿಚ್ಚಲು ಬರುತ್ತಿಲ್ಲ

ನನ್ನ ಭಾವಮೈದುನ ಒಂದು ಸಂಜೆ ರೀಲ್ ಹಿಡಿದು ಬಂದ. "ಭಾವ, ಈ ನಟ್ಟು ಬರ್ತಾನೇ ಇಲ್ಲ. ಸ್ಪ್ಯಾನರ್‌ಗೆ ಪೈಪ್ ಹಾಕಿ ತಿರುಗಿಸ್ಲಾ?" ನೋಡಿದರೆ ಎಡಗೈ ರೀಲ್. ಅಷ್ಟು ಹೊತ್ತೂ ಅವನು ಬಿಗಿ ಮಾಡುತ್ತಲೇ ಇದ್ದ.

ಹ್ಯಾಂಡಲ್ ಬಲಕ್ಕಿರುವ ರೀಲ್‌ನಲ್ಲಿ ನಟ್ ಮಾಮೂಲಿಯಂತೆ, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಬಿಚ್ಚುತ್ತದೆ. ಹ್ಯಾಂಡಲ್ ಎಡಕ್ಕಿರುವ ರೀಲ್‌ನಲ್ಲಿ ಮರೆ (ತಿರುಪಿನ ಗೆರೆ) ಉಲ್ಟಾ, ಮುಳ್ಳು ಹೋಗುವ ದಿಕ್ಕಿಗೇ ತಿರುಗಿಸಿ ಬಿಚ್ಚಬೇಕು. ನೆನಪಿಡಲು ಸುಲಭ ದಾರಿ ಇದೆ. ದಾರ ಸುತ್ತುವ ದಿಕ್ಕು ಬಿಗಿಯುವ ದಿಕ್ಕು, ಅದಕ್ಕೆ ಎದುರು ಬಿಚ್ಚುವ ದಿಕ್ಕು. ಎರಡೂ ರೀಲ್‌ಗೆ ಇದೇ.

ಮೊದಲು ನಟ್ ಮೇಲಿನ ಪುಟ್ಟ ತಗಡಿನ ಸ್ಕ್ರೂ ತೆಗೆಯಿರಿ. ಆ ತಗಡು ನಟ್ ತಾನಾಗಿ ಸಡಿಲ ಆಗದಂತೆ ಹಿಡಿದಿರುತ್ತದೆ. ನಟ್‌ಗೆ ಸಾಮಾನ್ಯವಾಗಿ 10 ಮಿ.ಮೀ. ರಿಂಗ್ ಸ್ಪ್ಯಾನರ್ ಸರಿಹೋಗುತ್ತದೆ. ಇಕ್ಕಳ ಹಾಕಬೇಡಿ, ನಟ್‌ನ ಮೂಲೆ ಉರುಟಾಗುತ್ತದೆ. ಬಿಚ್ಚಿದ್ದೆಲ್ಲ ಊಟದ ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಡಿ, ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಹ್ಯಾಂಡಲ್ ಬದಲಿಸಲು ಸ್ಟಾರ್ ಬಿಚ್ಚಬೇಕಿಲ್ಲ. ಬಿಚ್ಚಿದರೆ ಅದರ ಕೆಳಗಿನ ಪುಟ್ಟ ಸ್ಪ್ರಿಂಗ್ ಹಾರುತ್ತದೆ, ಕಣ್ಣಿಗೂ ಬೀಳಬಹುದು, ಸೋಫಾ ಕೆಳಗೂ ಬೀಳಬಹುದು.

## ಹೊಸ ಹ್ಯಾಂಡಲ್ ಗಡಗಡ ಅಲ್ಲಾಡುತ್ತದೆ

ನಾಬ್ ಹಿಡಿದು ರೀಲ್‌ನ ಕಡೆಗೆ ಒತ್ತಿ, ಹೊರಕ್ಕೆ ಎಳೆದು ನೋಡಿ. ಏನು ಅಲ್ಲಾಡುತ್ತಿದೆ ಅನ್ನುವುದೇ ಉತ್ತರ.

ನಾಬ್ ಮಾತ್ರ ಅಲ್ಲಾಡಿದರೆ ಅದರೊಳಗೆ ತೆಳು ವಾಷರ್ ಕಡಿಮೆ ಬಿದ್ದಿದೆ. ಹತ್ತರಲ್ಲೊಂದು ಮಿ.ಮೀ. ದಪ್ಪದ್ದು ಒಂದೊಂದಾಗಿ ಸೇರಿಸಿ. ನಾಬ್ ಸಲೀಸಾಗಿ ತಿರುಗುವುದು ನಿಂತರೆ ಒಂದು ತೆಗೆಯಿರಿ.

ಇಡೀ ಹ್ಯಾಂಡಲ್ ಶಾಫ್ಟ್ ಮೇಲೆ ಓಲಾಡಿದರೆ ನಟ್ ಕೂತಿಲ್ಲ. ಹೊಸ ಹ್ಯಾಂಡಲ್‌ನ ನಡುಭಾಗ ಹಳೆಯದಕ್ಕಿಂತ ತೆಳ್ಳಗಿದ್ದರೆ ಹೀಗಾಗುತ್ತದೆ. ನಟ್ ಬಿಗಿಯಾಯಿತು ಅನಿಸುತ್ತದೆ, ಆದರೆ ಅದು ಶಾಫ್ಟ್‌ನ ಮೆಟ್ಟಿಲಿಗೆ ತಾಗಿ ನಿಂತಿರುತ್ತದೆ, ಹ್ಯಾಂಡಲನ್ನು ಒತ್ತಿರುವುದಿಲ್ಲ. ನಡುವೆ ಒಂದು ವಾಷರ್ ಹಾಕಿದರೆ ಸರಿ. ಹಳೇ ಹ್ಯಾಂಡಲ್ ಕೆಳಗಿದ್ದ ವಾಷರ್ ತಟ್ಟೆಯಲ್ಲೇ ಉಳಿದಿದೆಯಾ ಅಂತಲೂ ನೋಡಿ, ಬಹಳ ಸಲ ಕತೆ ಅಷ್ಟೇ ಇರುತ್ತದೆ. ಉಲ್ಟಾ ತೊಂದರೆಯೂ ಇದೆ. ನಡುಭಾಗ ತುಂಬ ದಪ್ಪವಾಗಿ, ನಟ್ ಎರಡೇ ಮರೆ ಹಿಡಿಯುತ್ತದೆ. ಅಂಥ ಹ್ಯಾಂಡಲ್ ವಾಪಸ್ ಕಳಿಸಿ. ಭಾರ ಬಿದ್ದ ದಿನ ಅದು ಕಿತ್ತು ಬರುತ್ತದೆ.

ಹ್ಯಾಂಡಲ್, ಸ್ಟಾರ್, ಶಾಫ್ಟ್ ಎಲ್ಲ ಒಟ್ಟಿಗೆ ಅಲ್ಲಾಡಿದರೆ ಒಳಗಿನ ಬೇರಿಂಗ್ ಹೋಗಿದೆ. ಅದು ರಿಪೇರಿಯವರ ಕೆಲಸ.

## ಸ್ಟಾರ್‌ಗೆ ಹೊಸ ಹ್ಯಾಂಡಲ್ ತಾಗುತ್ತದೆ

ಹ್ಯಾಂಡಲ್ ಸ್ಟಾರ್‌ನ ತೋಳಿಗೆ ತಾಗಿದರೆ ಡ್ರ್ಯಾಗ್ ಹೊಂದಿಸುವಾಗ ಸ್ಟಾರ್ ಸಲೀಸಾಗಿ ತಿರುಗುವುದಿಲ್ಲ. ಸ್ಟಾರನ್ನು ಪೂರ್ತಿ ಸಡಿಲ ಮಾಡಿ, ಆಗ ಅದು ಹೊರಕ್ಕೆ ಬಂದಿರುತ್ತದೆ. ಈಗ ಸ್ಟಾರ್‌ಗೂ ಹ್ಯಾಂಡಲ್‌ಗೂ ನಡುವೆ ಒಂದು ಪೋಸ್ಟ್‌ಕಾರ್ಡ್ ಸುತ್ತಲೂ ಸಲೀಸಾಗಿ ಓಡಬೇಕು. ಓಡದಿದ್ದರೆ ಹ್ಯಾಂಡಲ್ ಕೆಳಗೆ ವಾಷರ್ ಸೇರಿಸಿ ಎತ್ತರ ಮಾಡಿ, ನಟ್‌ಗೆ ಸಾಕಷ್ಟು ಮರೆ ಉಳಿದಿದೆಯಾ ನೋಡಿಕೊಂಡು. ಹ್ಯಾಂಡಲನ್ನು ಬಗ್ಗಿಸಿ ಸರಿ ಮಾಡಲು ಹೋಗಬೇಡಿ. ಅಲ್ಯೂಮಿನಿಯಂ ಒಮ್ಮೆ ಬಗ್ಗಿದ ಕಡೆ ಮುಂದೆ ಸೀಳುತ್ತದೆ, ಕಾರ್ಬನ್ ಅಂತೂ ಅಲ್ಲೇ ಮುರಿಯುತ್ತದೆ.

## ಜೋರಾಗಿ ಸುತ್ತಿದರೆ ರಾಡ್ ಕುಲುಕುತ್ತದೆ

ಇದರಲ್ಲಿ ಸ್ವಲ್ಪ ಮಾಮೂಲಿ. ದೊಡ್ಡ ಸುತ್ತಿಗೆ ದೊಡ್ಡ ಕುಲುಕು. ಬಲವಾದ ಒಂದೇ ನಾಬ್, ಇನ್ನೊಂದು ತುದಿಯಲ್ಲಿ ತೂಕದ ತುಂಡು ಇರುವ ಹ್ಯಾಂಡಲ್ ಆದರೆ ಇನ್ನೂ ಜಾಸ್ತಿ. ಎರಡು ನಾಬ್ ಇದ್ದೂ ಕುಲುಕಿದರೆ ನಾಬ್‌ಗಳ ತೂಕ ಬೇರೆ ಬೇರೆ ಇದೆಯಾ ನೋಡಿ. ಚಿನ್ನದಂಗಡಿ ತಕ್ಕಡಿ ಬೇಡ, ಅಡುಗೆಮನೆಯ ತಕ್ಕಡಿ ಸಾಕು.

## ಎಸೆದ ಲೂರ್ ಗಾಳಿಯಲ್ಲೇ ಜಗ್ಗಿ ನಿಲ್ಲುತ್ತದೆ

ಉದ್ದ ಹ್ಯಾಂಡಲ್ ಹಾಕಿದವರಲ್ಲಿ ಕೆಲವರಿಗೆ ಮಾತ್ರ ಬರುವ, ಆದರೆ ಬಂದರೆ ತಲೆ ಕೆಡಿಸುವ ತೊಂದರೆ. ಎಲ್ಲರೂ ಬ್ರೇಕ್ (ಎಸೆಯುವಾಗ ಸ್ಪೂಲ್‌ನ ವೇಗ ತಗ್ಗಿಸುವ ಭಾಗ) ಮೇಲೆ ಅನುಮಾನ ಪಡುತ್ತಾರೆ. ದಾರ ಗೋಜಲಾಗಿದ್ದರೆ ಅದು ಬ್ರೇಕ್, ನಿಜ. ಗೋಜಲೇ ಇಲ್ಲದೆ ಚಕ್ ಅಂತ ನಿಂತರೆ ಹೆಬ್ಬೆರಳಿನ ಬಾರ್ ನೋಡಿ. ಅದು ಮೇಲೆ ಎದ್ದಿರುತ್ತದೆ.

ಆಗುವುದು ಹೀಗೆ. ಬಾರ್ ಒತ್ತಿದರೆ ಸ್ಪೂಲ್ ಬಿಡುಗಡೆ, ಹ್ಯಾಂಡಲ್ ಒಂಚೂರು ಮುಂದಕ್ಕೆ ತಿರುಗಿದರೆ ಮತ್ತೆ ಗೇರ್ ಹಿಡಿಯುತ್ತದೆ. ಭಾರದ ಹ್ಯಾಂಡಲ್ ಬೀಸಿನ ರಭಸಕ್ಕೆ ತಾನೇ ತಿರುಗುತ್ತದೆ, ಗೇರ್ ಹಿಡಿಯುತ್ತದೆ, ಲೂರ್ ನಿಲ್ಲುತ್ತದೆ. ಬ್ರೇಡ್ ಕಡಿದರೆ ಲೂರ್ ಎಲ್ಲಿಗೆ ಹೋಗುತ್ತದೆ ಅಂತ ಹೇಳಲು ಆಗಲ್ಲ. ಪಕ್ಕದಲ್ಲಿ ಜನ ಇದ್ದಾಗ ಇದನ್ನು ಪರೀಕ್ಷೆ ಮಾಡಬೇಡಿ.

ಲೂರ್ ಇಲ್ಲದೆ ಮನೆಯಲ್ಲೇ ನೋಡಿ. ಬಾರ್ ಒತ್ತಿ, ನಾಬನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಹಿಂದೆ, ಒಮ್ಮೆ ಮುಂದೆ ಇಟ್ಟು ರಾಡನ್ನು ಎಸೆಯುವ ಹಾಗೇ ಬೀಸಿ. ಯಾವ ಜಾಗದಲ್ಲಿ ಬಾರ್ ಏಳುತ್ತದೋ ಆ ಜಾಗ ಬಿಟ್ಟು ಎಸೆಯಿರಿ. ಒಂದೇ ನಾಬ್‌ನ ಹ್ಯಾಂಡಲ್ ಆಗಿದ್ದರೆ ಎರಡು ನಾಬ್‌ನದಕ್ಕೆ ಬದಲಿಸಿ. ಹಳೇ ಹ್ಯಾಂಡಲ್ ಹಾಕಿದರೂ ಏಳುತ್ತದೆ ಅಂದರೆ ಒಳಗಿನ ಸ್ಪ್ರಿಂಗ್ ಸೋತಿದೆ, ರಿಪೇರಿಗೆ ಕೊಡಿ.

## ಹ್ಯಾಂಡಲ್ ಹಿಂದಕ್ಕೆ ತಿರುಗುತ್ತದೆ

ಒಂಚೂರು ಹಿಂದಕ್ಕೆ ಆಡುವುದು ಬೇರೆ, ತಿರುಗುವುದು ಬೇರೆ. ಒಂದು ಡಿಗ್ರಿ ಸಡಿಲ ಇದ್ದರೆ 90ರ ಹ್ಯಾಂಡಲ್‌ನ ತುದಿಯಲ್ಲಿ 0.8 ಮಿ.ಮೀ. ಕಾಣುತ್ತದೆ, 120ರಲ್ಲಿ 1 ಮಿ.ಮೀ. ದಾಟುತ್ತದೆ. ರೀಲ್ ಕೆಟ್ಟಿಲ್ಲ, ಉದ್ದ ಅದನ್ನು ದೊಡ್ಡದು ಮಾಡಿ ತೋರಿಸುತ್ತಿದೆ ಅಷ್ಟೇ.

ಆದರೆ ಗಾಳ ಕಚ್ಚಿಸಲು ರಾಡ್ ಜಗ್ಗಿದಾಗ ಹ್ಯಾಂಡಲ್ ಕಾಲು ಸುತ್ತು ಹಿಂದೆ ಹೋಗಿ ಹಿಡಿದರೆ, ಅಥವಾ ಹಿಡಿಯದೇ ಗಿರ್ರನೆ ತಿರುಗಿದರೆ ಮೀನು ಹಿಡಿಯುವುದನ್ನು ಅಲ್ಲಿಗೇ ನಿಲ್ಲಿಸಿ. ಒಂದೇ ದಿಕ್ಕಿಗೆ ತಿರುಗಬೇಕಾದ ಬೇರಿಂಗ್ ಜಾರುತ್ತಿದೆ. ಅದರೊಳಗಿನ ಸಣ್ಣ ಉರುಳೆಗಳಿಗೆ ದಪ್ಪ ಗ್ರೀಸ್ ತಾಗಿದರೆ, ಇಲ್ಲ ತುಕ್ಕು ಹಿಡಿದರೆ ಹೀಗಾಗುತ್ತದೆ. ಚಳಿಯ ಬೆಳಗಿನ ಜಾವ ಮಾತ್ರ ಜಾರಿದರೆ ಗ್ರೀಸ್ ಮೇಲೇ ಅನುಮಾನ. ಬಿಚ್ಚಿ ತೊಳೆಯುವ ಅಭ್ಯಾಸ ಇಲ್ಲದಿದ್ದರೆ ನೀವೇ ಕೈ ಹಾಕಬೇಡಿ. ಮೀನು ಓಡುವಾಗ ಹಿಂದಕ್ಕೆ ತಿರುಗುವ ಹ್ಯಾಂಡಲ್ ಗೆಣ್ಣಿಗೆ ಹೊಡೆಯುತ್ತದೆ. ಉದ್ದ ಇದ್ದಷ್ಟೂ ತುದಿಯ ವೇಗ ಜಾಸ್ತಿ. ತಿರುಗುತ್ತಿರುವುದನ್ನು ಕೈ ಹಾಕಿ ಹಿಡಿಯಬೇಡಿ, ರಾಡ್ ತುದಿಯನ್ನು ಮೀನಿನ ಕಡೆ ತೋರಿಸಿ ದಾರ ಹೋಗಲು ಬಿಡಿ.

## ಲೂರ್ ಬೇರಿಗೆ ಸಿಕ್ಕಿಕೊಂಡಾಗ

ಇದು ದೋಷವಲ್ಲ, ಆದರೆ ಉದ್ದ ಹ್ಯಾಂಡಲ್ ಹಾಕಿದ ರೀಲ್‌ಗಳು ಸಾಯುವುದು ಇಲ್ಲೇ. ಕೈಗೆ ಬಲ ಬಂದಿದೆಯಲ್ಲ, ಸುತ್ತಿಯೇ ಬಿಡಿಸೋಣ ಅನಿಸುತ್ತದೆ. 50 ಪೌಂಡ್ ಬ್ರೇಡ್, ಬಿಗಿದ ಡ್ರ್ಯಾಗ್, 60 ಮಿ.ಮೀ. ಸನ್ನೆ, ನಡುವೆ ಸಿಕ್ಕಿದ್ದು ಪುಟ್ಟ ಹಿತ್ತಾಳೆ ಗೇರ್. ಹಾಗೆ ಮಾಡಬೇಡಿ. ದಾರವನ್ನು ಒಂದು ಮರದ ತುಂಡಿಗೆ ನಾಲ್ಕು ಸುತ್ತು ಸುತ್ತಿ, ರಾಡ್ ಪಕ್ಕಕ್ಕಿಟ್ಟು, ತುಂಡನ್ನು ಹಿಡಿದು ಹಿಂದಕ್ಕೆ ನಡೆಯಿರಿ. ಬರಿಗೈಗೆ ಬ್ರೇಡ್ ಸುತ್ತಿದರೆ ಚರ್ಮ ಕುಯ್ಯುತ್ತದೆ. ಮುಖ ಆಚೆ ತಿರುಗಿಸಿಕೊಳ್ಳಿ, ಬಿಟ್ಟುಕೊಂಡ ಲೂರ್ ನೇರ ನಿಮ್ಮ ಕಡೆಗೇ ಬರುತ್ತದೆ.

ಹಳೇ ಹ್ಯಾಂಡಲ್, ಅದರ ನಟ್, ವಾಷರ್, ತಗಡು, ಸ್ಕ್ರೂ ಎಲ್ಲ ಒಂದು ಡಬ್ಬಿಯಲ್ಲಿ ಹಾಕಿ ಬ್ಯಾಗಿನಲ್ಲಿಟ್ಟುಕೊಳ್ಳಿ, ಜೊತೆಗೆ ಹತ್ತರ ಸ್ಪ್ಯಾನರ್. ನನ್ನ 120 ಈಗ ಭಾವಮೈದುನನ ದೊಡ್ಡ ರೀಲ್‌ನಲ್ಲಿದೆ. ನಾನು ವಾಷರ್ ಬದಲಿಸಿದ ಮೇಲೆ ಮತ್ತೆ 90ಕ್ಕೇ ಬಂದೆ.